ಅಡುಗೆಮನೆಗೆ ಹೋದ ವೈರು

ಕಳೆದ ಭಾನುವಾರ ನಾನು ನಮ್ಮ ಅಡುಗೆಮನೆಯ ಬಾಗಿಲಲ್ಲಿ ಒಂದು ವೈರಿನ ತುದಿ ಹಿಡಿದುಕೊಂಡು ಇಪ್ಪತ್ತು ನಿಮಿಷ ನಿಂತಿದ್ದೆ. ಕೂರುವ ಹಾಗಿಲ್ಲ, ಬಿಡುವ ಹಾಗಿಲ್ಲ. ಬಿಟ್ಟರೆ ವೈರು ಗೋಡೆಯ ತೂತಿನೊಳಕ್ಕೆ ಜಾರಿಕೊಳ್ಳುತ್ತದೆ ಎಂದು ಹೆದರಿಸಿ, ಮೈಕ್ ಸೆಟ್ ಮಾದೇಶ ಕ್ಲಿಪ್ಪು ತರಲು ಪೇಟೆಗೆ ಹೋಗಿದ್ದ.

ಒಲೆಯ ಮುಂದೆ ನನ್ನ ಹೆಂಡತಿ ರತ್ನ. ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದಳು. ಮದುವೆಯಾಗಿ ಹದಿಮೂರು ವರ್ಷ. ಅಡುಗೆಮನೆಯಲ್ಲಿ ನಾನು ಒಂದೇ ಸಲಕ್ಕೆ ಅಷ್ಟು ಹೊತ್ತು ನಿಂತದ್ದು ಅದೇ ಮೊದಲು. (ನಗಬೇಡಿ. ನೀವು ಎಷ್ಟು ಹೊತ್ತು ನಿಲ್ಲುತ್ತೀರಿ, ಎದೆ ಮುಟ್ಟಿಕೊಂಡು ಹೇಳಿ.)

ಆ ಇಪ್ಪತ್ತು ನಿಮಿಷದಲ್ಲಿ ನನ್ನ ಬಗ್ಗೆ ನನಗೇ ಗೊತ್ತಿಲ್ಲದ ಒಂದು ವಿಷಯ ಗೊತ್ತಾಯಿತು. ಅದನ್ನು ಹೇಳಬೇಕೆಂದೇ ಈ ವಾರ ಕೂತಿದ್ದೇನೆ. ಆದರೆ ಅದಕ್ಕೆ ವೈರಿನ ಇನ್ನೊಂದು ತುದಿಯಿಂದ ಶುರು ಮಾಡಬೇಕು.

ಮನೆಗೆ ಸ್ಟೀರಿಯೋ ತರುತ್ತೇನೆ ಎಂದು ಇದೇ ಅಂಕಣದಲ್ಲಿ ನಾನು ಜಂಬ ಕೊಚ್ಚಿಕೊಂಡದ್ದು ನಿಮಗೆ ನೆನಪಿರಬಹುದು. ಧನಗೆರೆಯ ಓದುಗರೊಬ್ಬರಂತೂ ಎರಡು ಸಲ ಕಾರ್ಡು ಬರೆದರು. 'ಮೇಷ್ಟ್ರೇ, ಸ್ಪೀಕರು ಪೆಟ್ಟಿಗೆಗಳು ಬಂದುವಾ? ಅದೇನು, ಎರಡೆರಡು ಪೆಟ್ಟಿಗೆ ಬೇಕಂತಲ್ಲ? ಒಂದು ಸಾಲದಾ?'

ಸಾಲದು ಸ್ವಾಮಿ! ಏಕೆಂದು ಹೇಳುತ್ತೇನೆ ಕೇಳಿ.

ಹೋದ ವರ್ಷ ಮೈಸೂರಿನಲ್ಲಿ ನನ್ನ ಹಳೆಯ ಗೆಳೆಯ ಶ್ರೀಕಂಠನ ಮನೆಗೆ ಹೋಗಿದ್ದೆ. ಅವನು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳುವವನು. ಸಂಗೀತದ ಹುಚ್ಚ. ನನ್ನನ್ನು ಒಂದು ಕುರ್ಚಿಯ ಮೇಲೆ ಕೂರಿಸಿದ. ಕುರ್ಚಿಯನ್ನು ನಾಲ್ಕು ಬೆರಳು ಎಡಕ್ಕೆ ಸರಿಸಿದ. ಮತ್ತೆ ಎರಡು ಬೆರಳು ಬಲಕ್ಕೆ. 'ಈಗ ಕಣ್ಣು ಮುಚ್ಚು' ಅಂದ.

ಮುಚ್ಚಿದೆ. ಗ್ರಾಮಫೋನ್ ಪ್ಲೇಟಿನ ಮೇಲೆ ಮುಳ್ಳು ಇಳಿಯಿತು. ಚೂರು ಚರಚರ. ಆಮೇಲೆ ಎಡಗಡೆ ಯಾರೋ ಒಬ್ಬರು ಬಂದು ಕೂತು ಹಾಡತೊಡಗಿದರು. ಬಲಗಡೆ ಪಿಟೀಲು, ಮೃದಂಗ. ಎಡಗಡೆಯವರು ಒಂದು ಸಾಲು ಹಾಡಿ ನಿಲ್ಲಿಸಿದರೆ ಬಲಗಡೆಯ ಪಿಟೀಲು ಅದೇ ಸಾಲನ್ನು ಎತ್ತಿಕೊಂಡು ಇನ್ನೊಂದಿಷ್ಟು ಸೇರಿಸಿ ವಾಪಸು ಕೊಡುತ್ತಿತ್ತು. ಕೊಡುವುದು, ಕೊಳ್ಳುವುದು. ನನ್ನ ಮೂಗಿನ ಮುಂದೆಯೇ ಆ ಮಾತು ಅತ್ತಿಂದಿತ್ತ ಓಡಾಡುತ್ತಿತ್ತು. ನಾನೆಲ್ಲಿದ್ದೇನೆ, ಇದು ಯಾವ ಊರು, ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ಯಾವುದೂ ನೆನಪಾಗಲಿಲ್ಲ. ಕಣ್ಣು ಬಿಟ್ಟಾಗ ಎದುರಿಗೆ ಎರಡು ಮರದ ಪೆಟ್ಟಿಗೆ, ನಡುವೆ ಸುಣ್ಣ ಬಳಿದ ಗೋಡೆ. ಒಬ್ಬರೂ ಇರಲಿಲ್ಲ. ನಿಜ ಹೇಳುತ್ತೇನೆ, ಅಳು ಬಂದುಬಿಟ್ಟಿತು.

ಅವತ್ತಿನಿಂದ ಅದೇ ಕನಸು. ಕ್ಲಾಸಿನಲ್ಲಿ ಸಮಾಸ ಬಿಡಿಸುತ್ತಿರುವಾಗಲೂ ಎಡಗಡೆ ಬೆಂಚಿನಲ್ಲಿ ಹಾಡು, ಬಲಗಡೆ ಬೆಂಚಿನಲ್ಲಿ ಪಿಟೀಲು. (ಹುಡುಗರು ಇದನ್ನು ಓದದಿರಲಿ.)

ಅಂತೂ ಸೆಟ್ಟು ಬಂತು. ಆಂಪ್ಲಿಫೈಯರನ್ನು ಶ್ರೀಕಂಠನೇ ಕೂತು ಕಟ್ಟಿದ. ಪೆಟ್ಟಿಗೆಗಳು ಬಸ್ಸಿನ ಟಾಪಿನ ಮೇಲೆ, ಗೋಣಿತಾಟು ಸುತ್ತಿಕೊಂಡು, ಯಾರದೋ ಕುಂಬಳಕಾಯಿ ಮೂಟೆಯ ಜೊತೆ ಕೊಳ್ಳೇಗಾಲಕ್ಕೆ ಇಳಿದವು. ಅಂದು ಕೇಳಿದ ಪ್ಲೇಟಿನಂಥದೇ ಒಂದು ಪ್ಲೇಟನ್ನೂ ಕೊಂಡೆ. ನಮ್ಮ ಮನೆಯಲ್ಲಿರುವ ಸ್ಟೀರಿಯೋ ಪ್ಲೇಟು ಇವತ್ತಿಗೂ ಅದೊಂದೇ.

ಇನ್ನೇನು ಉಳಿಯಿತು? ವೈರು ಎಳೆಯುವುದು. ಅಷ್ಟೇ ತಾನೇ ಅಂದುಕೊಂಡಿದ್ದೆ. ಅಷ್ಟರಲ್ಲಿ ಶ್ರೀಕಂಠನಿಂದ ಮೂರು ಪುಟದ ಕಾಗದ ಬಂತು. ಪೂರ್ತಿ ವೈರಿನದೇ ಪುರಾಣ! ಕರೆಗಂಟೆಗೆ ಹಾಕುವ ಸಣ್ಣ ವೈರು ಹಾಕಬೇಡ, ದನಿ ಸೊರಗುತ್ತದೆ. ದಪ್ಪ ವೈರೇ ಬೇಕು. ಲೈಟಿನ ವೈರಿನ ಪಕ್ಕದಲ್ಲೇ ಎಳೆಯಬೇಡ, ಗುಂಯ್ ಅನ್ನುತ್ತದೆ. ಕೆಂಪು ಕೆಂಪಿಗೇ, ಕಪ್ಪು ಕಪ್ಪಿಗೇ. ತಪ್ಪಿದರೆ ಒಂದು ಪೆಟ್ಟಿಗೆ ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಎಲ್ಲಕ್ಕಿಂತ ಮುಖ್ಯ, ಎರಡೂ ವೈರು ಒಂದೇ ಉದ್ದ ಇರಲಿ. ಈ ಕೊನೆಯ ಮಾತಿಗೆ ಕೆಂಪು ಇಂಕಿನಲ್ಲಿ ಎರಡು ಗೆರೆ ಎಳೆದಿದ್ದ.

ಎಲೆಕ್ಟ್ರಿಕ್ ಅಂಗಡಿಯವನು ನಾನು ತೋರಿಸಿದ ದಪ್ಪ ನೋಡಿ, 'ಪಂಪ್‌ಸೆಟ್ಟಿಗಾ ಸಾರ್?' ಎಂದು ಕೇಳಿದ.

'ಅಲ್ಲಪ್ಪ. ಹಾಡು ಕೇಳೋಕೆ.'

'ಹಾಡಿಗೆ ಇಷ್ಟು ದಪ್ಪ ವೈರಾ?' ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿ ಅಳೆದುಕೊಟ್ಟ. ಪಡಸಾಲೆಗೆ ಹದಿನೈದು ಅಡಿ ಧಾರಾಳವಾಗಿ ಸಾಕು. ನಾನು ಮಾತ್ರ ದೊಡ್ಡ ಮನಸ್ಸು ಮಾಡಿ ನೂರಡಿ ಸುರುಳಿ ತಂದೆ.

ಎಳೆಯುವವರು ಯಾರು? ನಾನು ಕನ್ನಡ ಮೇಷ್ಟ್ರು. ಕರೆಂಟು ಕಂಡರೆ ಕೈ ಹಿಂದಕ್ಕೆ ಕಟ್ಟಿಕೊಳ್ಳುವ ಜಾತಿ. ಹಾಗಾಗಿ ಹನೂರಿನ ಮಾದೇಶನಿಗೆ ಹೇಳಿ ಕಳಿಸಿದೆ. ಒಂದು ಕಾಲದಲ್ಲಿ ನನ್ನ ಶಿಷ್ಯ. ಈಗ ಮೀಸೆ ಬಿಟ್ಟ ಗೃಹಸ್ಥ. ಹನೂರಿನಿಂದ ಮಾದಪ್ಪನ ಬೆಟ್ಟದ ದಾರಿಯುದ್ದಕ್ಕೂ ಯಾರ ಮನೆಯಲ್ಲಿ ಮದುವೆಯಾದರೂ ಮೈಕ್ ಸೆಟ್ ಅವನದೇ.

ಜ್ಯೇಷ್ಠ ಮಾಸ, ಲಗ್ನಗಳ ಕಾಲ. ಅವನಿಗೆ ಪುರುಸೊತ್ತಾದದ್ದು ಒಂದು ಬುಧವಾರ ಮಾತ್ರ. ನನಗೋ ಸ್ಕೂಲು. ಶ್ರೀಕಂಠನ ಕಾಗದವನ್ನು ಅವನ ಕೈಗಿಟ್ಟು, 'ಇದರಲ್ಲಿ ಬರೆದ ಹಾಗೇ ಮಾಡಬೇಕು, ಒಂದಕ್ಷರ ಆಚೀಚೆ ಆಗಕೂಡದು' ಎಂದು ಹೇಳಿ ಹೋದೆ. ಎಲ್ಲಿಡಬೇಕು ಅಂತ ಹೇಳಲಿಲ್ಲ. ಹೇಳಬೇಕೇ? ಹಾಡು ಕೇಳುವ ಪೆಟ್ಟಿಗೆಗಳನ್ನು ಯಾರಾದರೂ ಪಡಸಾಲೆ ಬಿಟ್ಟು ಇನ್ನೆಲ್ಲಿ ಇಡುತ್ತಾರೆ?

ಸಂಜೆ ಐದಕ್ಕೆ ಮನೆಗೆ ಬಂದೆ. ಪಡಸಾಲೆಯಲ್ಲಿ ಒಂದು ಪೆಟ್ಟಿಗೆ ಗಂಭೀರವಾಗಿ ಕೂತಿತ್ತು. ಇನ್ನೊಂದು?

ಇನ್ನೊಂದು ನಡುವಿನ ತೊಟ್ಟಿ ಅಂಗಳದ ಆಚೆ, ಮನೆಯ ಹಿಂದುಗಡೆ, ಅಡುಗೆಮನೆಯಲ್ಲಿ, ಉಪ್ಪಿನಕಾಯಿ ಭರಣಿಯ ಪಕ್ಕದ ಹಲಗೆಯ ಮೇಲೆ!

'ಏನೋ ಇದು?' ಎಂದು ಕಿರುಚಿದೆ.

ಮಾದೇಶ ಕೈ ಒರೆಸಿಕೊಂಡು ಬಂದ. ಅವನಿಗೆ ನನ್ನ ಸಿಟ್ಟೇ ಅರ್ಥವಾಗಲಿಲ್ಲ. 'ಯಾಕ್ ಸಾ? ಮದ್ವೆ ಮನ್ಗೆ ಓದ್ರೆ ಮೊದ್ಲ ಮೈಕ್ ಆರ್ನು ಅಡ್ಗೆ ಚಪ್ರಕ್ಕೇ ಕಟ್ಟೋದು. ನಮ್ಮಪ್ಪನ ಕಾಲ್ದಿಂದ್ಲೂ ಅಂಗೇಯ. ಅಡ್ಗೆಯೋರು ಧಾರೇನೂ ನೋಡಾಕಿಲ್ಲ, ಎಣ್ಣು-ಗಂಡ್ನೂ ನೋಡಾಕಿಲ್ಲ. ಒಗೇಲೇ ಇರ್ತಾರೆ. ಓಲಗನಾದ್ರೂ ಕೇಳ್ಲಿ ಅಂತವ. ಆಮ್ಯಾಕೆ ಇನ್ನೊಂದಾರ್ನು ಚಪ್ರದ ಮುಂದ್ಕೆ.'

'ಇದು ಮದುವೆ ಮನೆಯೇನೋ? ಕಾಗದ ಓದಲಿಲ್ಲವಾ?'

'ಓದ್ದೆ ಸಾ. ಎರಡು ವೈರೂ ಒಂದೇ ಉದ್ದ ಇರ್ಬೇಕು ಅಂತ ಬರ್ದವ್ರೆ. ಕೆಂಪ್ಗೆ ಗೆರೆ ಬ್ಯಾರೆ ಎಳ್ದವ್ರೆ. ಅದ್ಕೆ ಸುರುಳೀನೆ ಸಮ್ವಾಗಿ ಎರಡು ಭಾಗ ಮಾಡ್ದೆ. ಅಡ್ಗೆಮನ್ಗೆ ಸರಿಯಾಗೋಯ್ತು. ಪಡಸಾಲೇದು ಮಿಕ್ಕದ್ದ ಸುತ್ತಿ ಪೆಟ್ಗೆ ಇಂದೆ ಮಡಗಿವ್ನಿ ನೋಡಿ.'

ನೋಡಿದೆ. ಪಡಸಾಲೆಯ ಪೆಟ್ಟಿಗೆಯ ಹಿಂದೆ ಹಾವಿನ ಹಾಗೆ ಸುತ್ತಿಕೊಂಡು ನಲವತ್ತಡಿ ವೈರು ಮಲಗಿತ್ತು. ಎರಡು ಗೋಡೆಗೆ ತೂತು ಬಿದ್ದಿತ್ತು. ಅಷ್ಟುದ್ದಕ್ಕೂ ನೀಟಾಗಿ ಕ್ಲಿಪ್ಪು. ಕೆಂಪು ಕೆಂಪಿಗೇ, ಕಪ್ಪು ಕಪ್ಪಿಗೇ. ಕಾಗದದಲ್ಲಿ ಬರೆದದ್ದರಲ್ಲಿ ಒಂದಕ್ಷರ ಆಚೀಚೆ ಆಗಿರಲಿಲ್ಲ.

'ಈಗಲೇ ಕೀಳು' ಅಂದೆ. ಅವನಿಗೆ ಆರು ಗಂಟೆಯ ಬಸ್ಸು. ಮಾರನೆಯ ದಿನ ಬೆಳಿಗ್ಗೆಯೇ ಲಗ್ನ. 'ಆಷಾಡ ಬರ್ಲಿ ಸಾ. ಆಷಾಡ್ದಲ್ಲಿ ಮದ್ವೆ ಇಲ್ಲ, ನಾನೂ ಕಾಲಿ. ಬಂದು ಸರಿ ಮಾಡ್ಕೊಡ್ತೀನಿ' ಎಂದು ಹೊರಟೇಹೋದ. ರತ್ನ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

ಹೀಗೆ ನಮ್ಮ ಮನೆಯ ಸ್ಟೀರಿಯೋ ಇಬ್ಭಾಗವಾಯಿತು. ಹಾಡುವವರು ಪಡಸಾಲೆಯಲ್ಲಿ, ಪಕ್ಕವಾದ್ಯ ಅಡುಗೆಮನೆಯಲ್ಲಿ. ಸಂಜೆ ನಾನು ಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚಿದರೆ ಎದುರಿನ ಮಹಾನುಭಾವರು ಒಂದು ಸಾಲು ಹಾಡಿ ಸುಮ್ಮನಾಗುತ್ತಿದ್ದರು. ಉತ್ತರವಿಲ್ಲ. ಕಿವಿಗೊಟ್ಟರೆ ಎಲ್ಲೋ ತೊಟ್ಟಿಯ ಆಚೆ, ಕುಕ್ಕರಿನ ಸೀಟಿಯ ನಡುವೆ, ಪಿಟೀಲು ಏನೋ ಹೇಳುತ್ತಿತ್ತು. ಇದಕ್ಕಾ ನಾನು ವರ್ಷವಿಡೀ ಕನಸು ಕಂಡದ್ದು?

ಎದ್ದುಹೋಗಿ ಅಡುಗೆಮನೆಯಲ್ಲಿ ಕೂತು ಆ ಅರ್ಧವನ್ನೂ ಒಂದು ಸಲ ಕೇಳಬಹುದಿತ್ತು. ಹೊಳೆಯಲೇ ಇಲ್ಲ.

ಇದರ ಮೇಲೆ ಇನ್ನೊಂದು ಕಾಟ ಶುರುವಾಯಿತು. ಆಂಪ್ಲಿಫೈಯರಿನಲ್ಲಿ ಬ್ಯಾಲೆನ್ಸ್ ಅಂತ ಒಂದು ನಾಬು ಇದೆ. ನಡುವೆ ಇಟ್ಟರೆ ಎರಡು ಪೆಟ್ಟಿಗೆಯೂ ಸಮ. ಪೂರ್ತಿ ಒಂದು ಕಡೆ ತಿರುಗಿಸಿದರೆ ಇನ್ನೊಂದು ಕಡೆಯ ಪೆಟ್ಟಿಗೆ ಮೂಕ. ನಾನು ರಾತ್ರಿ ಅದನ್ನು ಕರಾರುವಾಕ್ಕಾಗಿ ನಡುವೆ ಇಟ್ಟು ಮಲಗುತ್ತಿದ್ದೆ. ಮರುದಿನ ಸಂಜೆ ನೋಡಿದರೆ ಅದು ಪೂರ್ತಿ ಅಡುಗೆಮನೆಯ ಕಡೆಗೆ ತಿರುಗಿರುತ್ತಿತ್ತು! ಒಂದು ದಿನವಲ್ಲ, ಎರಡು ದಿನವಲ್ಲ, ದಿನಾ.

ನಾನು ಬಹಳ ಯೋಚಿಸಿದೆ. ನಮ್ಮ ಪಡಸಾಲೆಯ ಗೋಡೆಯ ಆಚೆಗೇ ಚೌಡಪ್ಪನವರ ಮಗ್ಗ. ರೇಷ್ಮೆ ಸೀರೆಯ ಮಗ್ಗ, ಬೆಳಗಿನಿಂದ ಸಂಜೆಯವರೆಗೆ ಟಕ್ಕಟಕ್, ಟಕ್ಕಟಕ್. ಆ ಅದುರಿಗೇ ನಾಬು ತಿರುಗುತ್ತಿರಬೇಕು! ಶ್ರೀಕಂಠನಿಗೆ ಬರೆದೆ. ಅವನು ಒಂದು ಚಿತ್ರ ಬೇರೆ ಬರೆದು, 'ಸಾಧ್ಯವೇ ಇಲ್ಲ ಅನ್ನಲಾಗದು, ನಾಬಿನ ಕೆಳಗೆ ರಬ್ಬರು ಕೊಡು' ಎಂದು ಉತ್ತರಿಸಿದ. ರಬ್ಬರು ಕೊಟ್ಟೆ. ಮರುದಿನ ಮತ್ತೆ ಅದೇ ಕಥೆ.

ರತ್ನಳನ್ನು ಕೇಳಲಿಲ್ಲ. ಯಾಕೆ ಕೇಳಬೇಕು? ಅವಳಿಗೆ ಸ್ಟೀರಿಯೋ ಅಂದರೇನು ಗೊತ್ತು?

ಆಷಾಢ ಬಂತು. ಬಿಳಿಗಿರಿರಂಗನ ಬೆಟ್ಟದ ಮೇಲೆ ಮೋಡ ಕೂತು, ಊರಿನ ತುಂಬ ಗಾಳಿ. ಅವತ್ತು ಗುರುವಾರ. ಸ್ಕೂಲಿಗೆ ಇನ್‌ಸ್ಪೆಕ್ಟರು ಬರಬೇಕಿತ್ತು, ಬರಲಿಲ್ಲ. ಹೆಡ್‌ಮಾಸ್ಟರು ಖುಷಿಯಾಗಿ ಅರ್ಧ ದಿನ ರಜೆ ಕೊಟ್ಟುಬಿಟ್ಟರು. ಎರಡು ಗಂಟೆಗೆ ಮನೆಯ ಹತ್ತಿರ ಬಂದೆ. ಏನೋ ಒಂದು ಕಡಿಮೆ ಅನ್ನಿಸಿತು. ಮಗ್ಗದ ಸದ್ದಿಲ್ಲ!

ಚೌಡಪ್ಪನವರು ಜಗಲಿಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದರು. ಕಣ್ಣು ಮುಚ್ಚಿತ್ತು.

'ಏನು ಚೌಡಣ್ಣ, ಮೈ ಹುಷಾರಿಲ್ವಾ?' ಅಂದೆ.

'ಶ್! ಸದ್ದು ಮಾಡ್ಬೇಡಿ ಮೇಷ್ಟ್ರೇ' ಎಂದು ತುಟಿಯ ಮೇಲೆ ಬೆರಳಿಟ್ಟರು. 'ಪ್ಲೇಟು ಆಕವ್ರೆ.'

'ಯಾವ ಪ್ಲೇಟು?'

'ನಿಮ್ಮನೇದೇ ಕಣ್ರಿ. ದಿನಾ ಈ ಒತ್ನಲ್ಲಿ ಆಕ್ತಾರಲ್ಲ, ಆ ಎಣ್ಮಗಳು ಆಡಿರೋದು. ಸಂಜೆ ನೀವು ಆಕ್ಕೊಳೋದು ಆ ಗಂಡ್ಸಿಂದು. ಬೇಜಾರು ಮಾಡ್ಕೋಬೇಡಿ, ಅದು ನಂಗೆ ಅಷ್ಟು ಇಡಿಸ್ಲಿಲ್ಲ. ಇದು ಬಂದಾಗ ಮಾತ್ರ ಕಾಲೇ ಆಡಾಕಿಲ್ಲ. ಮಗ್ಗ ನಿಲ್ಲಿಸ್ಬಿಡ್ತೀನಿ.'

ಹೆಂಗಸು ಹಾಡಿದ ಪ್ಲೇಟು ನಮ್ಮ ಮನೆಯಲ್ಲಿ ಇಲ್ಲವೇ ಇಲ್ಲ.

ಚಪ್ಪಲಿ ಜಗಲಿಯಲ್ಲೇ ಬಿಟ್ಟು ಒಳಗೆ ಹೋದೆ. ಪಡಸಾಲೆಯಲ್ಲಿ ಯಾರೂ ಇಲ್ಲ. ಪ್ಲೇಟು ತನ್ನ ಪಾಡಿಗೆ ತಿರುಗುತ್ತಿತ್ತು. ಬ್ಯಾಲೆನ್ಸ್ ನಾಬು ಪೂರ್ತಿ ಅಡುಗೆಮನೆಯ ಕಡೆಗಿತ್ತು. ನನ್ನ ಪೆಟ್ಟಿಗೆ ಮೂಕವಾಗಿ ಕೂತಿತ್ತು.

ನಡುಮನೆ ದಾಟಿ ತೊಟ್ಟಿಯ ಅಂಚಿಗೆ ಬಂದು ನಿಂತೆ. ಮೋಡದ ಬೆಳಕು, ನೆರಳೂ ಅಲ್ಲ ಬಿಸಿಲೂ ಅಲ್ಲ. ಹಗ್ಗದ ಮೇಲೆ ಒಂದು ಒದ್ದೆ ಸೀರೆ ಗಾಳಿಗೆ ನಿಧಾನವಾಗಿ ಎದ್ದು ಇಳಿಯುತ್ತಿತ್ತು. ಅದರಾಚೆ ಅಡುಗೆಮನೆ. ಅಲ್ಲಿಂದ ಪಿಟೀಲು ಬಂತು, ಒಂದು ಸಾಲು ನುಡಿಸಿ ನಿಂತಿತು. ಆ ನಿಂತ ಜಾಗದಲ್ಲಿ ಒಂದು ಹೆಣ್ಣಿನ ಗಂಟಲು ಎದ್ದಿತು.

ರತ್ನ.

ಬೆನ್ನು ಮಾತ್ರ ಕಾಣುತ್ತಿತ್ತು. ಮೊರದಲ್ಲಿ ಅಕ್ಕಿ ಕೇರುತ್ತಾ, ಮಧ್ಯೆ ಮಧ್ಯೆ ಕೈ ನಿಲ್ಲಿಸಿ ಹಾಡುತ್ತಿದ್ದಳು. ಪಿಟೀಲು ಕೇಳುತ್ತಿತ್ತು, ಅವಳು ಹೇಳುತ್ತಿದ್ದಳು. ಅವಳು ಹೇಳಿ ನಿಲ್ಲಿಸಿದರೆ ಪಿಟೀಲು ಅದನ್ನು ಎತ್ತಿಕೊಂಡು ವಾಪಸು ಕೊಡುತ್ತಿತ್ತು. ಕೊಡುವುದು, ಕೊಳ್ಳುವುದು. ಅದೇ ಪ್ಲೇಟು, ಅದೇ ಹಾಡು, ಆದರೆ ಮೈಸೂರಿನ ಆ ಕುರ್ಚಿಯಲ್ಲಿ ಕೂತಾಗಲೂ ನನಗೆ ಹೀಗಾಗಿರಲಿಲ್ಲ. ಗಾಳಿ ಬಂದಾಗ ದನಿ ತೊಟ್ಟಿಯೊಳಗೆ ಒಂದು ಸುತ್ತು ಹಾಕಿ ಮೇಲಕ್ಕೆ ಹೋಗುತ್ತಿತ್ತು. ಇದು ನನ್ನ ಮನೆಯೇ? ಇವಳು ದಿನಾ ನನಗೆ ಬಡಿಸುವವಳೇ? ಹದಿಮೂರು ವರ್ಷ ಇವಳು ಈ ದನಿಯನ್ನು ಎಲ್ಲಿಟ್ಟಿದ್ದಳು?

ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಹಾಡು ಮುಗಿಯುವ ಮೊದಲು ಕಳ್ಳನ ಹಾಗೆ ಹಿಂದಕ್ಕೆ ಬಂದು ಚೌಡಪ್ಪನವರ ಪಕ್ಕ ಜಗಲಿಯಲ್ಲಿ ಕೂತೆ. ಹಾಡು ಮುಗಿದ ಮೇಲೆ ಅವರು ಎದ್ದು ಮಗ್ಗಕ್ಕೆ ಹೋದರು. ನಾನು ಜೋರಾಗಿ ಕೆಮ್ಮಿ, ಆಗ ತಾನೇ ಬಂದವನ ಹಾಗೆ ಒಳಗೆ ಹೋದೆ.

'ಬೇಗ ಬಂದ್ರಿ?' ಅಂದಳು. 'ಹ್ಞೂಂ' ಅಂದೆ. ಕಾಫಿ ಕೊಟ್ಟಳು. ಕುಡಿದೆ. ನಾಲಿಗೆ ತುದಿಯವರೆಗೆ ಬಂದ ಮಾತು ಕಾಫಿಯ ಜೊತೆ ಒಳಗೆ ಹೋಯಿತು.

ಭಾನುವಾರ ಬೆಳಿಗ್ಗೆ ಮಾದೇಶ ಬಂದ. ಕೊಟ್ಟ ಮಾತಿಗೆ ತಪ್ಪದೆ, ಆಷಾಢದಲ್ಲಿ!

ನಾನು ಏನಾದರೂ ಹೇಳುವ ಮೊದಲೇ ರತ್ನ ಹೇಳಿದಳು. 'ಆ ಪೆಟ್ಟಿಗೇನ ಪಡಸಾಲೆಗೇ ಹಾಕ್ಬಿಡಪ್ಪ ಮಾದೇಶ. ಇವರಿಗೆ ಎರಡೂ ಅಲ್ಲೇ ಇರಬೇಕು ಅಂತ ಆಸೆ.' ಆಗಲೇ ಹಲಗೆಯ ಮೇಲಿನ ಪೆಟ್ಟಿಗೆಯನ್ನು ಒರೆಸಿ, ಅದರ ಮೇಲೆ ಹಾಸಿದ್ದ ಕಸೂತಿ ಬಟ್ಟೆಯನ್ನು ಮಡಿಸಿ ಇಟ್ಟಿದ್ದಳು. ಆ ಬಟ್ಟೆ ಯಾವಾಗ ಹಾಕಿದ್ದಳು? ನಾನು ನೋಡಿಯೇ ಇರಲಿಲ್ಲ.

ಮಾದೇಶ ಪೆಟ್ಟಿಗೆಯ ಹಿಂದಿನ ಎರಡು ತಿರುಪು ಬಿಚ್ಚಿ ವೈರಿನ ತುದಿಯನ್ನು ನನ್ನ ಕೈಗೆ ಕೊಟ್ಟ. 'ಇಡ್ಕಳಿ ಸಾ. ಬುಟ್ರೆ ಒಳಿಕ್ ಎಳ್ಕತದೆ. ಪಡಸಾಲೆಗೆ ಒಸ ಕ್ಲಿಪ್ಪು ಬೇಕು, ಪ್ಯಾಟೆಗೋಗಿ ಬತ್ತೀನಿ.'

ಹೀಗೆ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಇಲ್ಲಿಗೆ ನೀವು ನನ್ನ ಮೊದಲ ಸಾಲಿಗೆ ಬಂದು ಮುಟ್ಟಿದಿರಿ.

ಸಾಸಿವೆ ಸಿಡಿಯಿತು. ಕರಿಬೇವು ಚುಂಯ್ ಅಂದಿತು. ನಾನು ಕೆಂಪು-ಕಪ್ಪು ತಂತಿ ಹಿಡಿದುಕೊಂಡು ನಿಂತೇ ಇದ್ದೆ.

'ನಿನಗೆ ಬೇಡ್ವಾ ಇದು?' ಎಂದು ಕೇಳಿದೆ.

'ನನಗ್ಯಾಕೆ?'

'ಗುರುವಾರ ಬೇಗ ಬಂದೆನಲ್ಲ. ತೊಟ್ಟಿಯಲ್ಲಿ ನಿಂತಿದ್ದೆ. ಕೇಳಿದೆ.'

ಸೌಟು ನಿಂತಿತು. ಅವಳು ತಿರುಗಲಿಲ್ಲ. ಬಹಳ ಮೆಲ್ಲಗೆ ಕೇಳಿದಳು.

'ಎಲ್ಲಿ ಇಳಿದಿತ್ತು?'

'ಏನು?'

'ಶ್ರುತಿ.'

ನನಗೆ ಅರ್ಥವಾಗಲಿಲ್ಲ. ಆಗ ಹೇಳಿದಳು. ಒಗ್ಗರಣೆಯನ್ನು ಸಾರಿಗೆ ಸುರಿಯುತ್ತಾ, ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದಳು.

ಮದುವೆಯಾದ ಮೂರನೆಯ ದಿನ, ಯಳಂದೂರಿನಲ್ಲಿ, ಅವಳ ತವರಿನ ಪಡಸಾಲೆ. ಇಪ್ಪತ್ತು ಜನ ನೆಂಟರು. ಅವಳ ಅಪ್ಪ, 'ಅಳಿಯಂದಿರು ಕೇಳಲಿ, ಒಂದು ದೇವರನಾಮ ಹೇಳಮ್ಮ' ಅಂದರು. ಹೇಳಿದಳು. ಎಂಟು ವರ್ಷ ಕಲಿತಿದ್ದ ಹಾಡುಗಾರಿಕೆ. ಮುಗಿದ ಮೇಲೆ ಎಲ್ಲರೂ ನನ್ನ ಮುಖ ನೋಡಿದರು. ನಾನು ಎಲೆ ಅಡಿಕೆ ಜಗಿಯುತ್ತಾ, 'ಚೆನ್ನಾಗಿದೆ. ಚರಣದಲ್ಲಿ ಶ್ರುತಿ ಸ್ವಲ್ಪ ಇಳೀತು' ಅಂದೆನಂತೆ.

'ನಾನಾ? ನಾನು ಹಾಗಂದೆನಾ? ನನಗೆ ನೆನಪೇ ಇಲ್ಲ ರತ್ನ.'

'ನನಗಿದೆ' ಅಂದಳು.

ನಿಮಗೆ ಒಂದು ಗುಟ್ಟು ಹೇಳಬೇಕು. ಶ್ರುತಿ ಅಂದರೇನೆಂದು ನನಗೆ ಅಂದು ಗೊತ್ತಿರಲಿಲ್ಲ. ಇಂದಿಗೂ ಅಷ್ಟಕ್ಕಷ್ಟೇ. ಆ ಮಾತು ನನ್ನದಲ್ಲ, ಶ್ರೀಕಂಠನದು. ನಾವಿಬ್ಬರೂ ಓದುವಾಗ ಯಾವ ಕಚೇರಿಗೆ ಹೋದರೂ ಅವನು ಹೊರಗೆ ಬಂದು ಬೀಡಾ ಹಾಕಿಕೊಂಡು, 'ಶ್ರುತಿ ಸ್ವಲ್ಪ ಇಳೀತು' ಅನ್ನುತ್ತಿದ್ದ. ಸಂಗೀತ ಗೊತ್ತಿರುವವರು ಹಾಡಿನ ಕೊನೆಗೆ ಹಾಗೆ ಅನ್ನಬೇಕು ಅಂತ ನಾನು ತಿಳಿದಿದ್ದೆ. ಹೊಸ ಅಳಿಯ, ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದಾರೆ, ಏನಾದರೂ ಅನ್ನಬೇಕಲ್ಲ? ಅಂದುಬಿಟ್ಟೆ. ಅಂದವನು ಮರೆತು ಹಾಯಾಗಿದ್ದೆ. ಅವಳು ಅವತ್ತು ಬಾಯಿ ಮುಚ್ಚಿದವಳು ಹದಿಮೂರು ವರ್ಷ ತೆಗೆಯಲಿಲ್ಲ. ಮಕ್ಕಳನ್ನು ಮಲಗಿಸುವಾಗಲೂ ಹಾಡಲಿಲ್ಲ. ಇವಳಿಗೆ ಹಾಡು ಬರುವುದಿಲ್ಲ ಎಂದೇ ನಾನು ಅಂದುಕೊಂಡಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು!

'ಮತ್ತೆ ಈಗ ಹೇಗೆ ಹಾಡಿದೆ?'

'ಇಲ್ಲಿ ಹಾಡೋರೇ ಇಲ್ವಲ್ಲ' ಅಂದಳು. 'ಬರೀ ಪಿಟೀಲು. ಪಾಪ, ಅದು ಕೇಳುತ್ತೆ, ಕಾಯುತ್ತೆ, ಸುಮ್ಮನಾಗುತ್ತೆ. ಮತ್ತೆ ಕೇಳುತ್ತೆ. ಎಷ್ಟು ದಿನ ಅಂತ ನೋಡ್ತಿರೋದು? ಯಾರಾದರೂ ಹೇಳಬೇಕಲ್ಲ. ನೀವು ಸ್ಕೂಲಿಗೆ ಹೋದ ಮೇಲೆ ಒಂದು ದಿನ ಹಾಕಿದೆ. ಪಡಸಾಲೇಲಿ ಅವರು ಬೇರೆ ಜೋರಾಗಿ ಹಾಡ್ತಿದ್ರು. ಅವರ ಬಾಯಿ ಮುಚ್ಚಿಸೋದು ಯಾವ ನಾಬು ಅಂತ ಹುಡುಕಿದೆ. ಸಿಕ್ತು.'

ನಲವತ್ತಡಿ ಸುರುಳಿ, ಮಗ್ಗದ ಅದುರು, ನಾಬಿನ ಕೆಳಗಿನ ರಬ್ಬರು, ಎಲ್ಲ ನೆನಪಾಗಿ ನನಗೆ ಮುಖ ಎತ್ತಲಾಗಲಿಲ್ಲ. ಎಡಕ್ಕೊಂದು ಬಲಕ್ಕೊಂದು ಇಟ್ಟು ಕುರ್ಚಿ ಸರಿಸಿ ಸರಿಸಿ ಕೇಳಬೇಕೆಂದಿದ್ದವನು ನಾನು. ಕಾಯುತ್ತಿದ್ದ ಪಿಟೀಲಿಗೆ ಉತ್ತರ ಕೊಟ್ಟವಳು ಇವಳು.

'ತಪ್ಪಾಯ್ತು ರತ್ನ' ಅಂದೆ. ವೈರು ಹಿಡಿದುಕೊಂಡೇ ಅಂದೆ.

ಅವಳು ಮೊದಲ ಸಲ ತಿರುಗಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಕಣ್ಣಿನಲ್ಲಿ ನೀರೂ ಇರಲಿಲ್ಲ. 'ಅಂದಿದ್ದು ಪಡಸಾಲೇಲಿ, ಎಲ್ಲರ ಮುಂದೆ. ತಪ್ಪಾಯ್ತು ಅನ್ನೋದು ಮಾತ್ರ ಅಡುಗೆಮನೇಲಾ?' ಅಂದಳು. ಸಾರಿನ ಪಾತ್ರೆಗೆ ತಟ್ಟೆ ಮುಚ್ಚಿದಳು.

ಮಾದೇಶ ಬಂದ. ಕ್ಲಿಪ್ಪಿನ ಪೊಟ್ಟಣ ಕೆಳಗಿಟ್ಟು ಇಬ್ಬರ ಮುಖವನ್ನೂ ನೋಡಿದ. 'ಏನ್ಮಾಡ್ಲಿ ಸಾ? ಎಳೀಲಾ, ಬುಡ್ಲಾ?'

'ಇಲ್ಲೇ ವಾಪಸು ಹಾಕು' ಅಂದೆ.

'ನಾನು ಅವತ್ತೇ ಏಳ್ಲಿಲ್ವಾ?' ಎಂದು ಗೊಣಗಿಕೊಂಡು ಕೆಂಪನ್ನು ಕೆಂಪಿಗೆ, ಕಪ್ಪನ್ನು ಕಪ್ಪಿಗೆ ಬಿಗಿದ. ರತ್ನ ಮಡಿಸಿಟ್ಟ ಕಸೂತಿ ಬಟ್ಟೆಯನ್ನು ಮಾತ್ರ ಮತ್ತೆ ಹಾಸಲಿಲ್ಲ.

ಇದಾಗಿ ನಾಲ್ಕು ದಿನ. ಸಂಜೆ ಸ್ಕೂಲಿನಿಂದ ಬಂದ ತಕ್ಷಣ ನಾನು ನೋಡುವುದು ಬ್ಯಾಲೆನ್ಸ್ ನಾಬನ್ನು. ನಡುವೆಯೇ ಇರುತ್ತದೆ. ಒಂದು ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಹಿಂದೆ ಇದನ್ನೇ ಬೇಡಿಕೊಂಡಿದ್ದೆ. ಈಗ ಆ ನಾಬು ನಡುವೆ ಇರುವುದನ್ನು ಕಂಡು ಪ್ಲೇಟು ಹಾಕದೆಯೇ ಜಗಲಿಗೆ ಹೋಗಿ ಕೂರುತ್ತೇನೆ. ನಿನ್ನೆ ಚೌಡಪ್ಪನವರು ನನ್ನನ್ನು ತಡೆದು ಕೇಳಿದರು, 'ಏನ್ ಮೇಷ್ಟ್ರೇ, ಆ ಎಣ್ಮಗಳ ಪ್ಲೇಟು ಒಡ್ದೋಯ್ತಾ?'

ಏನು ಹೇಳಲಿ? 'ಒಡೆದವನು ನಾನೇ' ಅಂದೆ. ಅವರಿಗೆ ಅರ್ಥವಾಗಲಿಲ್ಲ. 'ಸಾಧ್ಯ ಆದ್ರೆ ಇನ್ನೊಂದು ತರ್ಸಿ' ಎಂದು ಹೇಳಿ ಹೋದರು.

ಶ್ರೀಕಂಠನಿಂದಲೂ ಕಾಗದ ಬಂದಿದೆ. ಕೊನೆಗೂ ವೈರು ಸರಿಹೋಯಿತೇ, ಸ್ಟೀರಿಯೋ ಕೇಳಿಸಿತೇ ಎಂದು ಕೇಳಿದ್ದಾನೆ. ಕೇಳಿಸಿತು ಮಾರಾಯ. ಒಂದೇ ಒಂದು ಸಲ, ಗುರುವಾರ ಮಧ್ಯಾಹ್ನ, ತೊಟ್ಟಿಯ ಅಂಚಿನಲ್ಲಿ. ಈ ಜನ್ಮಕ್ಕೆ ಅಷ್ಟೇ ಎಂದಾಗದಿದ್ದರೆ ಸಾಕು.

ಈ ಪತ್ರಿಕೆ ಭಾನುವಾರ ಬೆಳಗಿನ ಮೈಸೂರು ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಬರುತ್ತದೆ. ಹತ್ತು ಗಂಟೆಗೆ ನಮ್ಮ ಮನೆಯ ಜಗಲಿಯಲ್ಲಿ ಬೀಳುತ್ತದೆ. ರತ್ನ ಮೊದಲು ವಾರಭವಿಷ್ಯ ಓದುತ್ತಾಳೆ, ಆಮೇಲೆ ನನ್ನ ಅಂಕಣ. ಯಳಂದೂರಿನಲ್ಲಿ ಅವಳ ಅಪ್ಪನೂ ತರಿಸುತ್ತಾರೆ. ಅವತ್ತು ಪಡಸಾಲೆಯಲ್ಲಿ ಕೂತಿದ್ದ ನೆಂಟರಲ್ಲಿ ಹಲವರು ಇದನ್ನು ಓದುತ್ತಾರೆ. ಓದದಿದ್ದವರಿಗೆ ಮಾವನವರು ಓದಿ ಹೇಳುತ್ತಾರೆ, ಆ ಭರವಸೆ ನನಗಿದೆ.

ಅಂದು ಇಪ್ಪತ್ತು ಜನರಿದ್ದರು. ಇಲ್ಲಿ ನೀವು ಅದಕ್ಕಿಂತ ಸ್ವಲ್ಪ ಹೆಚ್ಚೇ ಇದ್ದೀರಿ (ನಮ್ಮ ಸಂಪಾದಕರ ಮಾತು ನಂಬುವುದಾದರೆ). ನಿಮ್ಮೆಲ್ಲರ ಮುಂದೆ, ಅವಳಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ:

ರತ್ನ, ಶ್ರುತಿ ಇಳಿದಿರಲಿಲ್ಲ.